ರಾಜ ಬಂದ್, ಆಟ ಬಂದ್

ಪ್ರೇಕ್ಷಾಳನ್ನು ಮೊದಲ ಸಲ ನೋಡಿದಾಗ ನನ್ನ ಮುಷ್ಟಿಯ ಮೇಲೆ ಅವಳ ಅಣ್ಣನ ರಕ್ತ ಇತ್ತು.

ಅವನು ಅವಳ ಅಣ್ಣ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೊಡೆಯುತ್ತಿದ್ದೆ.

ಜನವರಿಯ ಒಂದು ಭಾನುವಾರ. ಡೊಂಬಿವಲಿ ಈಸ್ಟಿನ ಒಂದು ಶಾಲೆಯಲ್ಲಿ ನಮ್ಮ ಕನ್ನಡದವರ ಸಂಘದ ಚೆಸ್ ಟೂರ್ನಮೆಂಟ್. ಬ್ಯಾಂಕಿನವರು, ಆಫೀಸಿನವರು, ಇಸ್ತ್ರಿ ಅಂಗಿಯ ಕಾಲೇಜು ಹುಡುಗರು. ಅವರ ನಡುವೆ ನಾನು, ಯೋಗೀಶ್. ಸ್ಟೇಶನ್ ಹತ್ತಿರದ ಹೋಟೆಲಿನ ದೋಸೆ ಮಾಸ್ಟರ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮೊಣಕೈವರೆಗೆ ಕಾವಲಿಯ ಸುಟ್ಟ ಗುರುತು ಇರುವವನು. ಐದು ಆಟ ಗೆದ್ದೆ. ಸೋತವರು ನನ್ನ ಕೈ ಕುಲುಕಿದರು, ಆಮೇಲೆ ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ನೋಡಿದೆ.

ಕೊನೆಯ ಆಟ ಲೋಕನಾಥನ ಜೊತೆ. ಎಂಐಡಿಸಿಯ ಫ್ಯಾಕ್ಟರಿಗಳಿಗೆ ನಾಲ್ಕು ಟೆಂಪೊ ಓಡಿಸುವವನು, ಜಿಮ್ಮಿನ ತೋಳಿನವನು. ಎರಡು ಗಂಟೆ ಕಚ್ಚಾಡಿದ ಮೇಲೆ ಬೋರ್ಡಿನಲ್ಲಿ ಉಳಿದದ್ದು ಮೂರೇ ಕಾಯಿ. ನನ್ನ ಕರಿ ರಾಜ ಒಬ್ಬನೇ. ಅವನಿಗೆ ರಾಜನೂ ಇದ್ದ, ಒಂದು ಕಾಲಾಳೂ ಇತ್ತು. ಆ ಕಾಲಾಳು ಇನ್ನೆರಡು ಹೆಜ್ಜೆ ಹಾಕಿದರೆ ರಾಣಿ. ನನ್ನ ರಾಜ ಅದರ ಮೂತಿಗೇ ಅಡ್ಡ ನಿಂತಿದ್ದ. ನಡೆ ನನ್ನದು. ಹೋಗಲಿಕ್ಕೆ ಇದ್ದದ್ದು ಮೂರು ಮನೆ, ಮೂರೂ ಕೊನೆಯ ಸಾಲಿನಲ್ಲಿ. ಹಿಂದಕ್ಕೆ ಎಡಕ್ಕೆ, ಹಿಂದಕ್ಕೆ ಬಲಕ್ಕೆ, ಅಥವಾ ನೇರ ಹಿಂದಕ್ಕೆ.

ಇಪ್ಪತ್ತು ನಿಮಿಷ ನೋಡಿದೆ. ಮೂರರಲ್ಲೂ ನನಗೆ ಸಾವೇ ಕಂಡಿತು. ಸೋತೆ ಅಂತ ರಾಜನನ್ನು ಮಲಗಿಸಿದೆ.

ಲೋಕನಾಥ ಕುರ್ಚಿಗೆ ಒರಗಿ ನಕ್ಕ. "ಇದು ದೋಸೆ ಮಗುಚಿದ ಹಾಗಲ್ಲ ಮಾರಾಯ. ಹೋಗು, ಎರಡು ಮಸಾಲೆ ತಕೊಂಡು ಬಾ. ಚಟ್ನಿ ಜಾಸ್ತಿ ಹಾಕು."

ಸುತ್ತ ನಿಂತವರೂ ನಕ್ಕರು. ಆ ಐದು ಜನ ಪ್ಯಾಂಟಿಗೆ ಒರೆಸಿದ ಕೈಗಳೆಲ್ಲ ಒಟ್ಟಿಗೆ ನನ್ನ ತಲೆಯೊಳಗೆ ಚಪ್ಪಾಳೆ ತಟ್ಟಿದ ಹಾಗಾಯಿತು. ಕೂತಲ್ಲಿಂದಲೇ ಬೋರ್ಡಿನ ಮೇಲಿಂದ ಕೈ ಬೀಸಿದೆ. ಮೂಗು ಮುರಿಯುವಾಗ ಹಸಿ ಕಡ್ಡಿ ಮುರಿದ ಸದ್ದು ಬರುತ್ತದೆ, ನಿಮಗೆ ಗೊತ್ತುಂಟಾ? ನನಗೆ ಆ ದಿನ ಗೊತ್ತಾಯಿತು. ಇನ್ನೊಂದು ಹೊಡೆಯುವ ಮೊದಲು ನಾಲ್ಕು ಜನ ನನ್ನನ್ನು ಹಿಡಿದರು.

ಆಗ ಅವಳು ಓಡಿ ಬಂದಳು. ಎದೆಯ ಮೇಲೆ ಆರ್ಬಿಟರ್, ಅಂದರೆ ತೀರ್ಪುಗಾರ್ತಿ, ಅಂತ ಬ್ಯಾಡ್ಜ್, ಕಿವಿಯ ಹಿಂದೆ ಪೆನ್ಸಿಲ್. ಕರ್ಚೀಫನ್ನು ಅವನ ಮೂಗಿಗೆ ಒತ್ತಿದಳು. ಒತ್ತಿಕೊಂಡೇ ಬೋರ್ಡಿನ ಕಡೆ ತಿರುಗಿದಳು. ಹುಬ್ಬು ಗಂಟಿಕ್ಕಿತು. ಆಮೇಲೆ ನನ್ನನ್ನು ನೋಡಿದಳು.

"ರಿಸೈನ್ ಯಾಕೆ ಮಾಡಿದ್ರಿ?"

ಇದು ಅವಳು ನನಗೆ ಹೇಳಿದ ಮೊದಲ ಮಾತು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನನ್ನು ಎಳೆದುಕೊಂಡು ಹೋಗಿ ಗೇಟಿನ ಹೊರಗೆ ಬಿಸಾಡಿದರು.

ಬುಧವಾರ ಮಧ್ಯಾಹ್ನ ಮೂರೂವರೆ. ಹೋಟೆಲಿನಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು. ವೇಟರ್ ಬಂದು, "ಮಾಸ್ಟರ್, ಮೂರನೇ ಟೇಬಲ್ ಮೇಡಮ್ ಕರೀತಾರೆ. ದೋಸೆಯಲ್ಲಿ ಎಂತದೋ ಉಂಟಂತೆ" ಅಂದ.

ನನ್ನ ದೋಸೆಯಲ್ಲಿ ಎಂತ ಇರ್ತದೆ? ಸಟ್ಟುಗ ಹಿಡಿದೇ ಹೊರಗೆ ಬಂದೆ. ಪೆನ್ಸಿಲ್ ಇನ್ನೂ ಕಿವಿಯ ಹಿಂದೆಯೇ ಇತ್ತು. ಅವಳು ಲೋಕನಾಥನ ತಂಗಿ ಪ್ರೇಕ್ಷಾ ಅಂತ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

"ಎಂತ ಉಂಟು ದೋಸೆಯಲ್ಲಿ?"

"ದೋಸೆ ಮಸ್ತ್ ಉಂಟು. ಸುಳ್ಳು ಹೇಳಿ ಕರೆಸಿದೆ. ಕೂತ್ಕೊಳ್ಳಿ."

"ಕೆಲಸದವರು ಗಿರಾಕಿ ಟೇಬಲ್‌ನಲ್ಲಿ ಕೂರಬಾರದು. ಸೇಠ್ ಬಿಡುವುದಿಲ್ಲ."

ಅವಳು ಸೇಠ್ ದುಡ್ಡು ಎಣಿಸುತ್ತಿದ್ದ ಗಲ್ಲೆಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ತಾನೇ ಎದ್ದು ನಿಂತಳು. "ಚಲೇಗಾ. ನಿಂತೇ ಮಾತಾಡುವ."

ಹನ್ನೊಂದು ವರ್ಷದಿಂದ ಹೋಟೆಲ್ ಕೆಲಸ ಮಾಡ್ತಿದ್ದೇನೆ. ನನಗಾಗಿ ಗಿರಾಕಿ ಎದ್ದು ನಿಂತದ್ದು ಅದೇ ಮೊದಲು. ಸಟ್ಟುಗವನ್ನು ಬೆನ್ನ ಹಿಂದೆ ಮಾಡಿಕೊಂಡೆ.

"ಅಣ್ಣನ ಪರವಾಗಿ ಬಂದದ್ದಾ?"

"ಬೈಲಿಕ್ಕೆ ಬಂದದ್ದು. ರಿಕ್ಷಾದಲ್ಲಿ ಪ್ರಾಕ್ಟೀಸ್ ಮಾಡ್ತಾ ಬಂದೆ. ಕನ್ನಡದಲ್ಲಿ ಬೈಗುಳ ಸಾಕಾಗಲಿಲ್ಲ."

"ತುಳುವಿನಲ್ಲಿ ಬೈಯಿರಿ."

"ತುಳು ನಮ್ಮ ಮನೇಲಿ ಅಮ್ಮನಿಗೆ ರಿಸರ್ವ್." ಬ್ಯಾಗಿನಿಂದ ಅಂಗೈಯಷ್ಟಗಲದ ಮ್ಯಾಗ್ನೆಟ್ ಬೋರ್ಡ್ ತೆಗೆದು ಮೂರು ಕಾಯಿ ಇಟ್ಟಳು. ಆ ಮೂರೇ ಕಾಯಿ. "ಬೈಗುಳ ಆಮೇಲೆ. ನಂಗೆ ಮೂರು ದಿವಸದಿಂದ ಇದೇ ತಲೆಯಲ್ಲಿ ಉಂಟು. ನೇರ ಹಿಂದಕ್ಕೆ ಬನ್ನಿ."

ರಾಜನನ್ನು ನೇರ ಹಿಂದಕ್ಕೆ ಇಟ್ಟೆ. ಅವಳು ತನ್ನ ಬಿಳಿ ರಾಜನನ್ನು ಕಾಲಾಳಿನ ಪಕ್ಕಕ್ಕೆ ತಂದಳು. "ಈಗ ಅವನ ಎದುರಿಗೆ ನಿಲ್ಲಿ." ನಿಂತೆ. ಅವಳು ಕಾಲಾಳನ್ನು ಮುಂದೆ ತಳ್ಳಿ ಚೆಕ್ ಕೊಟ್ಟಳು. ನನ್ನ ರಾಜ ಮತ್ತೆ ಕಾಲಾಳಿನ ಮುಂದೆ ಬಂದ. ಕಾಲಾಳನ್ನು ಉಳಿಸಲಿಕ್ಕೆ ಅವಳ ರಾಜ ಅದರ ಬೆನ್ನಿಗೆ ಬಂದ.

"ನಿಮ್ಮ ನಡೆ."

ನಡೆಯೇ ಇರಲಿಲ್ಲ. "ರಾಜ ಬಂದ್, ಆಟ ಬಂದ್," ಅಂದೆ. "ಸೋತೆ."

"ಚೆಕ್ ಉಂಟಾ?"

"ಇಲ್ಲ."

"ಮತ್ತೆ? ಚೆಕ್ ಇಲ್ಲ, ಹೋಗ್ಲಿಕ್ಕೆ ಜಾಗ ಇಲ್ಲ. ಅದು ಸ್ಟೇಲ್‌ಮೇಟ್. ಡ್ರಾ! ಇಡೀ ಜಗತ್ತಿನಲ್ಲಿ ಡ್ರಾ."

"ನಮ್ಮ ಡಬ್ಬಿಯಲ್ಲಿ ಅಲ್ಲ."

"ಯಾವ ಡಬ್ಬಿ?"

ಹೇಳಿದೆ. ಮೊದಲು ನಾನು ಮಸ್ಜಿದ್ ಬಂದರಿನಲ್ಲಿ ಒಂದು ಕ್ಯಾಂಟೀನ್‌ನಲ್ಲಿದ್ದೆ. ಟಿಟ್ವಾಳಾದ ನನ್ನ ರೂಮಿನಿಂದ ಲೋಕಲ್ ಟ್ರೇನಿನಲ್ಲಿ ಒಂದೂವರೆ ಗಂಟೆ. ಎರಡನೇ ಡಬ್ಬಿಯಲ್ಲಿ ಐದಾರು ಜನ ಮೊಣಕಾಲಿನ ಮೇಲೆ ಸೂಟ್‌ಕೇಸ್ ಇಟ್ಟು ಚೆಸ್ ಆಡುತ್ತಿದ್ದರು. ಅವರ ಭುಜದ ಮೇಲಿಂದ ನೋಡಿ ನೋಡಿ ಕಲಿತೆ. ಆಡುವವರು ಹೆಚ್ಚು, ಬೋರ್ಡ್ ಒಂದೇ. ಡ್ರಾ ಅಂತ ಆದರೆ ಯಾರು ಏಳಬೇಕು, ಯಾರು ಕೂರಬೇಕು ಅಂತ ಜಗಳ. ಅದಕ್ಕೆ ಅವರದೇ ಕಾನೂನು: ಯಾರ ರಾಜ ಅಲುಗಾಡಲಿಕ್ಕಾಗದೆ ನಿಂತನೋ ಅವನು ಎದ್ದು ಜಾಗ ಬಿಡಬೇಕು. ನಾನು ಅದನ್ನೇ ಚೆಸ್ ಅಂದುಕೊಂಡಿದ್ದೆ. ನಾಲ್ಕು ವರ್ಷ.

ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಇಟ್ಟು, ಬಗ್ಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ನನಗೆ ಉರಿದುಹೋಯಿತು. ಗೆಲ್ಲದಿದ್ದರೂ ಸೋಲದ ಆಟವನ್ನು ನಾನೇ ಸೋತೆ ಅಂತ ಬಿಟ್ಟುಕೊಟ್ಟು ಒಬ್ಬನ ಮೂಗು ಒಡೆದಿದ್ದೆ. ಸಟ್ಟುಗವನ್ನು ಟೇಬಲ್ಲಿಗೆ ಬಡಿದೆ. ಗ್ಲಾಸು ಬಿದ್ದು ಚೂರಾಯಿತು, ಗಲ್ಲೆಯಲ್ಲಿದ್ದ ಸೇಠ್ ಎದ್ದು ನಿಂತರು.

ಅವಳು ಒಂದು ಹೆಜ್ಜೆಯೂ ಸರಿಯಲಿಲ್ಲ. ನನ್ನ ಮುಖದ ಪಕ್ಕಕ್ಕೆ ಎಲ್ಲೋ ನೋಡುತ್ತಾ ಮೆಲ್ಲಗೆ ಹೇಳಿದಳು:

"ನಿಮಗೆ ಕೋಪ ಬರುವಾಗ ಮೊದಲು ಎಡಗಿವಿ ಕೆಂಪಾಗ್ತದೆ. ಟೂರ್ನಮೆಂಟ್‌ನಲ್ಲೂ ನೋಡಿದೆ."

ಇಪ್ಪತ್ತಾರು ವರ್ಷದಲ್ಲಿ ನನ್ನ ಕೋಪಕ್ಕೆ ಎಲ್ಲರೂ ಹೆದರಿದ್ದಾರೆ, ಇಲ್ಲ ಹೊಡೆದಿದ್ದಾರೆ. ಅದು ಎಲ್ಲಿಂದ ಶುರುವಾಗುತ್ತದೆ ಅಂತ ಹುಡುಕಿದವರು ಯಾರೂ ಇರಲಿಲ್ಲ.

ಆಮೇಲೆ ಪ್ರತಿ ಬುಧವಾರ ಬಂದಳು. ಫ್ಲ್ಯಾಟ್ ಸೊಸೈಟಿಗಳಲ್ಲಿ ಮಕ್ಕಳಿಗೆ ಚೆಸ್ ಕಲಿಸುವುದು ಅವಳ ಕೆಲಸ. ಎರಡು ಕ್ಲಾಸಿನ ನಡುವೆ ಒಂದು ಗಂಟೆ ಬಿಡುವು. ಒಂದು ಸಾದಾ ದೋಸೆ, ಒಂದು ಪೊಸಿಷನ್. ಅವಳು ಇಡುತ್ತಿದ್ದದ್ದೆಲ್ಲ ನಾನು ಸೋಲುತ್ತಿರುವ ಆಟಗಳೇ.

"ಗೆಲ್ಲುವುದು ಇಡಿ ಒಂದು ಸಲವಾದರೂ."

"ಗೆಲ್ಲುವಾಗ ಎಲ್ಲರೂ ಚಂದ ಆಡ್ತಾರೆ. ಹೊಡೆತ ತಿನ್ನುವಾಗ ಎಂತ ಮಾಡ್ತೀರಿ, ತೋರ್ಸಿ."

ನಾನು ಯೋಚಿಸುವಾಗ ಅವಳು ದೋಸೆಯ ಅಂಚನ್ನು ಮುರಿದು ಬಾಯಿಗಿಡುವಳು. ಕರುಂ ಅನ್ನುವ ಸದ್ದು. ತಪ್ಪು ಕಾಯಿಯ ಕಡೆ ನನ್ನ ಕೈ ಹೋದರೆ ಸದ್ದು ನಿಲ್ಲುತ್ತಿತ್ತು. ಕೈ ಹಿಂದೆ ತೆಗೆದರೆ ಮತ್ತೆ ಶುರು.

"ಟೀಚರೇ, ನೀವು ಮೋಸ ಮಾಡ್ತಿದ್ದೀರಿ. ಹಲ್ಲಿನಲ್ಲಿ ಹೇಳ್ಕೊಡ್ತೀರಿ."

"ಅರೇ! ನೀನು ಬೋರ್ಡ್ ನೋಡ್ತೀಯಾ, ನನ್ನ ಬಾಯಿ ನೋಡ್ತೀಯಾ?"

ನೀವು ಹೋಗಿ ನೀನು ಆದದ್ದು ಹಾಗೆ. ಅವಳಿಗೂ ಗೊತ್ತಾಯಿತು. ಪೆನ್ಸಿಲ್ ತೆಗೆದು ಮತ್ತೆ ಅದೇ ಕಿವಿಯ ಹಿಂದೆ ಇಟ್ಟುಕೊಂಡಳು. ಕುತ್ತಿಗೆಯ ಹತ್ತಿರ ಒಂದು ಸಣ್ಣ ನರ ಹಾರುತ್ತಿತ್ತು. ಒಳಗೆ ಕಾವಲಿಯ ಮೇಲೆ ದೋಸೆ ಕರಟಿತು. ಚಹಾ ಮಾಡುವ ಗುರುವಪ್ಪಣ್ಣ ಕೂಗಿದರು: "ಓ ಮಜ್ನೂ! ಹೊಗೆ ಬರ್ತಾ ಉಂಟು!"

ಮೂರು ತಿಂಗಳು. ಅಷ್ಟು ದಿನದಲ್ಲಿ ಒಂದು ಸಲವೂ ನಾನು ಅವಳ ಅಣ್ಣನ ಬಗ್ಗೆ ಕೇಳಲಿಲ್ಲ.

ಏಪ್ರಿಲ್ ಕೊನೆಗೆ ಲೋಕನಾಥನಿಗೆ ಗೊತ್ತಾಯಿತು.

ಕೆಲಸ ಮುಗಿಸಿ ಸಂಜೆ ಸ್ಟೇಶನ್ ಕಡೆ ಹೊರಟವನನ್ನು ಮೂರು ಜನ ಟೆಂಪೊಗೆ ಎತ್ತಿ ಹಾಕಿದರು. ಶಹಾಡ್ ಹತ್ತಿರ ಮುಚ್ಚಿದ ಒಂದು ಫ್ಯಾಕ್ಟರಿಯ ಗೋಡೆಯ ಹಿಂದೆ ಇಳಿಸಿದರು. ಮೊದಲು ಹೊಟ್ಟೆಗೆ, ಆಮೇಲೆ ಬೆನ್ನಿಗೆ. ನಾನೂ ಬಿಡಲಿಲ್ಲ. ಒಬ್ಬನ ಕಿವಿ ಕಚ್ಚಿದೆ, ಬಾಯಲ್ಲಿ ಉಪ್ಪು ರುಚಿ ಬಂತು. ಕೊನೆಗೆ ಇಬ್ಬರು ನನ್ನ ಬಲಗೈ ಹಿಡಿದು ಟೆಂಪೊದ ಹಿಂದಿನ ಅಂಚಿನ ಮೇಲೆ ಇಟ್ಟರು. ಲೋಕನಾಥ ತಗಡಿನ ಬಾಗಿಲನ್ನು ಎತ್ತಿ ಬಡಿದ. ಒಂದು ಸಲ. ಎರಡು ಸಲ.

"ಈ ಕೈಯಲ್ಲಿ ಅಲ್ವಾ ಹೊಡೆದದ್ದು? ಈ ಕೈಯಲ್ಲಿ ಅಲ್ವಾ ನನ್ನ ತಂಗಿಗೆ ದೋಸೆ ಮಾಡಿ ಕೊಡುವುದು?"

ಮೂರು ಬೆರಳು ಮುರಿದವು. ಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಗಾಯಿತು ಅಂದಾಗ ಲೋಕಲ್‌ನಿಂದ ಬಿದ್ದೆ ಅಂದೆ. ಪೊಲೀಸರಿಗೆ ಯಾಕೆ ಕೊಡಬೇಕು? ಅವನು ನನಗೆ ಬೇಕಿತ್ತು.

ರೂಮಿಗೆ ಬಂದು ಎಡಗೈಯಲ್ಲಿ ಪ್ರೇಕ್ಷಾಗೆ ಫೋನ್ ಮಾಡಿದೆ. ಆಚೆ ಅವಳು ಅಳುತ್ತಿದ್ದಳು. ಯಾರು ಮಾಡಿದ್ದು ಅಂತ ಅವಳಿಗೆ ಹೇಳಬೇಕಾಗಿರಲಿಲ್ಲ.

"ನಾಳೆ ಥಾಣೆಯಿಂದ ಮಂಗಳೂರು ಗಾಡಿ ಹತ್ತುವ," ಅಂದೆ. "ಕಾರ್ಕಳದಲ್ಲಿ ನನ್ನ ಮಾವ ಇದ್ದಾರೆ. ನೀನೂ ನಾನೂ. ಮುಗೀತು."

"ಓಡಿ ಹೋಗುವುದಾ?"

"ಇಲ್ಲಾಂದ್ರೆ ಅವನನ್ನು ಕೊಲ್ತೇನೆ. ಎರಡೇ ದಾರಿ."

"ಎರಡೇ ಅಂತ ಯಾರು ಹೇಳಿದ್ದು?"

"ಹೇ! ನನಗೆ ಚೆಸ್ ಹೇಳಬೇಡ! ನನ್ನ ಕೈ ಹೋಗಿದೆ, ಕೈ!"

"ನಾನು ಚೆಸ್ ಹೇಳ್ಲಿಲ್ಲ ಯೋಗಿ. ನೀನು ಕೊಂದರೂ ನಾನು ನಿಂಗೆ ಇಲ್ಲ. ಓಡಿದರೂ ಅಮ್ಮನಿಗೆ ನಾನಿಲ್ಲ. ಎರಡೂ ಬೇಡ ನಂಗೆ."

ಹೇಳಬಾರದ ಮಾತೆಲ್ಲ ಹೇಳಿದೆ. ಅಣ್ಣನಿಗೆ ತಕ್ಕ ತಂಗಿ ಅಂದೆ. ಅವಳು ಫೋನ್ ಇಟ್ಟಳು.

ಭಾನುವಾರ ಮಧ್ಯಾಹ್ನ ಹೋಟೆಲಿನ ಭಟ್ಟಿ ಕೆದಕುವ ಕಬ್ಬಿಣದ ಸರಳನ್ನು ಪೇಪರಿನಲ್ಲಿ ಸುತ್ತಿ ಅವಳ ಸೊಸೈಟಿಗೆ ಹೋದೆ. ಬಲಗೈ ಪ್ಲಾಸ್ಟರ್‌ನಲ್ಲಿ ಮಿಡಿಯುತ್ತಿತ್ತು. ಎಡಗೈ ಸಾಕಾಗಿತ್ತು.

ಅವಳು ಮೆಟ್ಟಿಲಿನಲ್ಲೇ ಕೂತಿದ್ದಳು. ನಾನು ಸರಳು ತೆಗೆದದ್ದು ನೋಡಿ ಗುರುವಪ್ಪಣ್ಣ ಫೋನ್ ಮಾಡಿರಬೇಕು. ಕೂದಲು ಬಾಚಿರಲಿಲ್ಲ. ಪೇಪರಿನ ಸುರುಳಿಯನ್ನು ನೋಡಿದಳು, ಆಮೇಲೆ ನನ್ನ ಎಡಗಿವಿಯನ್ನು.

"ತಡೀತೀಯಾ?" ಅಂದೆ.

"ಇಲ್ಲ."

"ಬುದ್ಧಿ ಹೇಳು ಮತ್ತೆ. ಟೀಚರ್ ಅಲ್ವಾ."

"ಆಟ ನಡೆಯುವಾಗ ಟೀಚರ್ ಬಾಯಿ ಬಿಡಬಾರದು." "ಒಂದೇ ಕೇಳ್ತೇನೆ. ನೋಡಿ ನಡೆ. ನೋಡದೆ ನಡೆಯಬೇಡ."

ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬೇಡ ಅಂತ ಕಾಲು ಹಿಡಿದಿದ್ದರೆ ದಾಟಿ ಹೋಗುವುದು ಸುಲಭವಿತ್ತು. ಎರಡನೇ ಮಾಳಿಗೆಗೆ ಹತ್ತಿ ಬೆಲ್ ಒತ್ತಿದೆ.

ಬಾಗಿಲು ತೆರೆದದ್ದು ಅವಳ ಅಮ್ಮ. ಸ್ವರ್ಣಲತಾ ಅಂತ ಬಾಗಿಲಿನ ಫಲಕದಲ್ಲಿತ್ತು. ಕೈಯಲ್ಲಿ ಅನ್ನ ಬಡಿಸುವ ಕೈಲು.

"ಏರ್ ಮಗಾ?" ಅಂದರು. ಯಾರು ಅಂತ. ಅವರಿಗೆ ನನ್ನ ಗುರುತಿರಲಿಲ್ಲ. "ಲೋಕುವನ್ನು ನೋಡ್ಲಿಕ್ಕಾ? ಬಾ, ಊಟ ಮಾಡ್ತಾ ಇದ್ದಾನೆ."

ಲೋಕನಾಥ ನೆಲದ ಮೇಲೆ ಕೂತು ಉಣ್ಣುತ್ತಿದ್ದ. ತಲೆ ಎತ್ತಿದ. ಬಾಯಿಯ ತುತ್ತು ಅಲ್ಲೇ ನಿಂತಿತು. ಸರಳಿನ ಮೇಲೆ ನನ್ನ ಬೆರಳು ಬಿಗಿಯಿತು. ಒಂದೇ ಹೊಡೆತ, ಅವನು ಏಳುವ ಮೊದಲು. ನೆತ್ತಿಗೆ. ನನಗೆ ಆ ಜಾಗ ಸ್ಪಷ್ಟವಾಗಿ ಕಂಡಿತು.

ಹಾಗೆ ನೋಡುವಾಗ ಮೂಗೂ ಕಂಡಿತು.

ಶಹಾಡಿನಲ್ಲಿ ಮಬ್ಬು ಬೆಳಕಿತ್ತು, ನೋಡಿರಲಿಲ್ಲ. ಮೂಗು ನಡುವಿನಿಂದ ಎಡಕ್ಕೆ ತಿರುಗಿ ಕೂತಿತ್ತು. ಅವನು ಬಾಯಿ ತೆರೆದು ಉಸಿರಾಡುತ್ತಿದ್ದ. ಅಗಿಯಲಿಕ್ಕೆ ಬಾಯಿ ಮುಚ್ಚಿದರೆ ಉಸಿರು ಇಲ್ಲ, ಉಸಿರಾಡಿದರೆ ಅಗಿಯಲಿಕ್ಕಿಲ್ಲ.

ಅಮ್ಮ ನನ್ನ ಕಣ್ಣು ಎಲ್ಲಿದೆ ಅಂತ ಕಂಡರು. "ಅವನ ಮೂಗು ನೋಡ್ತೀಯಾ? ಯಾವನೋ ಒಬ್ಬ ಪಾಪಿ ಆಟದಲ್ಲಿ ಹೊಡೆದದ್ದು ಮಗಾ. ರಾತ್ರಿ ಮಲಗಿದರೆ ಗೊರಗೊರ, ನಿದ್ದೆಯೇ ಇಲ್ಲ. ಕಳ್ವಾದಲ್ಲಿ ಒಂದು ಹೆಣ್ಣು ನಿಶ್ಚಯ ಆಗಿತ್ತು. ಮುಖ ನೋಡಿ ಗೂಂಡಾ ಹಾಗೆ ಕಾಣ್ತಾನೆ ಅಂತ ಅವರು ಬಿಟ್ಟರು."

"ಅಮ್ಮ, ಸುಮ್ಮನಿರು," ಅಂದ ಲೋಕನಾಥ. ಕಣ್ಣು ನನ್ನ ಮೇಲೇ.

ನಾನು ಸರಳನ್ನು ಚಪ್ಪಲಿ ಸ್ಟ್ಯಾಂಡಿಗೆ ಒರಗಿಸಿದೆ. ಟೆಂಪೊದ ಬಾಗಿಲು ಕೈಮೇಲೆ ಬೀಳುವಾಗಲೂ ಇಷ್ಟು ಕಷ್ಟ ಆಗಿರಲಿಲ್ಲ.

"ಆ ಪಾಪಿ ನಾನೇ ಅಮ್ಮ," ಅಂದೆ. "ಮೊದಲು ಕೈ ಎತ್ತಿದ್ದು ನಾನು. ತಪ್ಪಾಯ್ತು."

ಕೈಲು ಕೆಳಗೆ ಬಿತ್ತು. ಲೋಕನಾಥ ಎಂಜಲು ಕೈಯಲ್ಲೇ ಎದ್ದು ಬಂದು ಕೆನ್ನೆಗೆ ಬಾರಿಸಿದ. ಕಣ್ಣಿಗೆ ಸಾರಿನ ಖಾರ ಹತ್ತಿತು. ಇನ್ನೊಂದು ಬಾರಿಸಿದ. ತುಟಿ ಹರಿಯಿತು. ಕತ್ತು ಹಿಡಿದು ಗೋಡೆಗೆ ಒತ್ತಿದ, ತಲೆ ಬಡಿದು ಗೋಡೆಯ ಗಡಿಯಾರ ಬಿತ್ತು. ನನ್ನ ಎಡಗೈ ತಾನಾಗಿ ಮುಷ್ಟಿಯಾಯಿತು. ಆ ಮುಷ್ಟಿಯನ್ನು ನನ್ನ ತೊಡೆಗೇ ಒತ್ತಿ ಹಿಡಿದೆ. ಕೂಗಬೇಕು ಅನ್ನಿಸಿತು, ಹಲ್ಲು ಕಚ್ಚಿದೆ. ಬಾಗಿಲಲ್ಲಿ ಪ್ರೇಕ್ಷಾ ನಿಂತದ್ದು ಕಂಡಿತು. ಎರಡೂ ಕೈ ಬಾಯಿಯ ಮೇಲೆ.

"ಹೊಡಿಯೋ! ತಿರುಗಿ ಹೊಡಿ!" ಲೋಕನಾಥ ಕಿರುಚಿದ. "ಈಗ ಹೊಡಿ ನೋಡುವ!"

ಅಮ್ಮ ಮಧ್ಯೆ ಬಂದರು. ಅವನನ್ನು ದೂಡುವಾಗ ಅವರ ಕೈ ನನ್ನ ಪ್ಲಾಸ್ಟರ್‌ಗೆ ತಾಗಿತು. ನಾನು ಒದ್ದಾಡಿದೆ. ಅವರು ನಿಂತು ಆ ಕೈಯನ್ನು ನೋಡಿದರು.

"ಇದು ಎಂತ? ಯಾರು ಮಾಡಿದ್ದು?"



ಲೋಕನಾಥ ಗೆದ್ದೆ ಅಂದುಕೊಂಡಿದ್ದ ಮನೆಯೊಳಗೆ ಅವನನ್ನು ಮುಗಿಸಲಿಕ್ಕೆ ನನಗೆ ಎರಡು ಶಬ್ದ ಸಾಕಿತ್ತು. ನಿಮ್ಮ ಮಗ. ಲೋಕನಾಥನ ಮುಖ ಬೂದಿಯಾಗಿತ್ತು. ಅಮ್ಮನಿಗೆ ಗೊತ್ತಿಲ್ಲ ಅಂತ ಆಗ ನನಗೆ ಅರ್ಥವಾಯಿತು. ಆ ಎರಡು ಶಬ್ದ ನಾಲಿಗೆಯ ತುದಿಯಲ್ಲಿ ರಕ್ತದ ಜೊತೆ ಇತ್ತು.

ನುಂಗಿದೆ.

"ಲೋಕಲ್‌ನಿಂದ ಬಿದ್ದೆ ಅಮ್ಮ."

ಲೋಕನಾಥ ನನ್ನನ್ನೇ ನೋಡಿದ. ಬಾಯಿ ತೆರೆದು ಗೊರಗೊರ ಉಸಿರಾಡುತ್ತ. ಕೈ ಎತ್ತಿದ, ಇಳಿಸಿದ. ಹೊಡೆಯಲಿಕ್ಕೆ ನಾನು ಎದುರಿಗೇ ಇದ್ದೆ, ಆದರೆ ಅವನಿಗೆ ಹೊಡೆಯಲಿಕ್ಕೆ ಆಗುತ್ತಿರಲಿಲ್ಲ. ಅವನು ನಿಧಾನಕ್ಕೆ ನೆಲದ ಮೇಲೆ ಕೂತ, ತಟ್ಟೆಯ ಪಕ್ಕದಲ್ಲಿ.

"ಸುಳ್ಳು ಹೇಳ್ತಾನೆ," ಅಂದ ತಟ್ಟೆಗೆ ಹೇಳಿದ ಹಾಗೆ. "ನಾನು ಮಾಡಿದ್ದು. ಟೆಂಪೊದ ಬಾಗಿಲು ಹಾಕಿ."

ಅಮ್ಮ ಮಗನನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತ ಮಗಳನ್ನು ನೋಡಿದರು. ಅವಳ ಮುಖ ನೋಡಿದ ಮೇಲೆ ಅವರಿಗೆ ಬೇರೆ ಏನೂ ಕೇಳಬೇಕಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಇಬ್ಬರೂ ಪ್ರಾಣಿಗಳು," ಅಂದರು. "ನನ್ನ ಮಗಳು ಪ್ರಾಣಿಯ ಮನೆಗೆ ಹೋಗುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಈ ಎಡಗೈ ಯಾರ ಮೇಲೂ ಏಳಲಿಲ್ಲ ಅಂತ ನಂಗೆ ಗೊತ್ತಾಗಬೇಕು. ಆಮೇಲೆ ದೊಡ್ಡವರನ್ನು ಕರ್ಕೊಂಡು ಬಾ, ಮಾತಾಡುವ. ಈಗ ಹೋಗು. ಹೋಗು ಮಗಾ, ರಕ್ತ ಬರ್ತಾ ಉಂಟು."

ಲೋಕನಾಥ ತಲೆ ಎತ್ತಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಮೊದಲ ಮಾಳಿಗೆಯ ತಿರುವಿನಲ್ಲಿ ಪ್ರೇಕ್ಷಾ ನನ್ನನ್ನು ಹಿಡಿದು ನಿಲ್ಲಿಸಿದಳು. ತುಟಿ ಒರೆಸುತ್ತಾಳೆ ಅಂದುಕೊಂಡೆ.

ಎದೆಗೆ ಗುದ್ದಿದಳು. ಮುಷ್ಟಿ ಕಟ್ಟಲಿಕ್ಕೂ ಬರುತ್ತಿರಲಿಲ್ಲ, ಹೆಬ್ಬೆರಳು ಒಳಗೆ ಮಡಚಿಕೊಂಡಿದ್ದಳು. ಮತ್ತೆ ಗುದ್ದಿದಳು. "ಅಣ್ಣನಿಗೆ ತಕ್ಕ ತಂಗಿಯಾ ನಾನು? ಹೇಳು! ಕಬ್ಬಿಣ ತಕೊಂಡು ಬರ್ತೀಯಾ ನನ್ನ ಮನೆಗೆ? ನಾನು ಕೆಳಗೆ ಕೂತು ಲೆಕ್ಕ ಮಾಡ್ತಿದ್ದೆ, ಈಗ ಕೂಗು ಕೇಳ್ತದೆ, ಈಗ ಕೇಳ್ತದೆ ಅಂತ. ಸತ್ತೇ ಹೋಗಿದ್ದೆ!"

"ಹೊಡಿ," ಅಂದೆ. "ಹೆಬ್ಬೆರಳು ಹೊರಗೆ ಇಟ್ಟುಕೊ, ಮುರೀತದೆ."

ಅಳುತ್ತಾ ನಕ್ಕಳು, ನಗುತ್ತಾ ಹೊಡೆದಳು. ಸುಸ್ತಾದ ಮೇಲೆ ಹಣೆಯನ್ನು ಅಲ್ಲೇ, ಹೊಡೆದ ಜಾಗದಲ್ಲೇ ಒತ್ತಿ ನಿಂತಳು. ಅವಳ ಉಸಿರು ಅಂಗಿಯನ್ನು ದಾಟಿ ಬಂತು.

ಎದುರಿನ ಬಾಗಿಲು ತೆರೆಯಿತು. ಮರಾಠಿ ಹೆಂಗಸು, ಕೈಯಲ್ಲಿ ಕಸದ ಬುಟ್ಟಿ. ನನ್ನ ತುಟಿಯ ರಕ್ತ, ಪ್ಲಾಸ್ಟರ್, ಎದೆಗೆ ಒರಗಿದ ಹುಡುಗಿ, ಎಲ್ಲವನ್ನೂ ನೋಡಿ ಬುಟ್ಟಿಯನ್ನು ಗುರಾಣಿಯ ಹಾಗೆ ಹಿಡಿದುಕೊಂಡಳು.

"ಕಾಯ್ ಝಾಲಂ ಗ? ಕೋಣ್ ಆಹೇ ಹಾ?" ಏನಾಯ್ತೇ, ಯಾರಿವನು?

ಪ್ರೇಕ್ಷಾ ತಲೆ ಎತ್ತಲಿಲ್ಲ.

"ಮಾಝಾ ಆಹೇ ಕಾಕೂ," ಅಂದಳು. ನನ್ನವನು.